ನೋವಿನ ಮಾತ್ರೆ ನುಂಗಿದರೆ ಉಬ್ಬಸ ಏಕೆ?

ಪ್ರಶ್ನೆ: ನನಗೆ 38 ವರ್ಷ, ವಿಜಯನಗರದಲ್ಲಿದ್ದೇವೆ. ನಾಲ್ಕೈದು ವರ್ಷದಿಂದ ಅಸ್ತಮಾ ಇದೆ. ಮೂಗು ಸದಾ ಕಟ್ಟಿರುತ್ತದೆ. ಮೂಗಿನೊಳಗೆ ಬೆಳೆದ ಮೆತ್ತನೆಯ ಗಡ್ಡೆ, ಅಂದರೆ ಪಾಲಿಪ್ ತೆಗೆಸಿದ್ದೆ, ಮತ್ತೆ ಬೆಳೆದಿದೆ. ಒಗ್ಗರಣೆ ಸೀದರೂ ವಾಸನೆ ಗೊತ್ತಾಗುವುದಿಲ್ಲ. ಈಚೆಗೆ ಸೊಂಟನೋವಿಗೆ ಐಬುಪ್ರೊಫೆನ್ ಮಾತ್ರೆ ನುಂಗಿದ ಒಂದು ಗಂಟೆಯೊಳಗೆ ಮೂಗು ಸುರಿದು, ಮುಖ ಕೆಂಪಾಗಿ, ಎದೆ ಬಿಗಿದು ಉಸಿರೇ ಸಿಗದಂತಾಯಿತು. ಆಸ್ಪತ್ರೆಯಲ್ಲಿ ನೆಬ್ಯುಲೈಸರ್ ಹಾಕಿದರು. ಹಿಂದೆ ಹಲ್ಲು ಕೀಳಿಸಿದಾಗ ಡೈಕ್ಲೋಫೆನಾಕ್ ತೆಗೆದುಕೊಂಡಾಗಲೂ ಹೀಗೇ ಆಗಿತ್ತು. ಅಲರ್ಜಿಯ ರಕ್ತಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ. ‘ಎಲ್ಲ ನಿನ್ನ ಹೆದರಿಕೆ’ ಎನ್ನುತ್ತಾರೆ ಮನೆಯವರು. ಇನ್ನು ತಲೆನೋವು ಬಂದರೆ ಏನು ನುಂಗಲಿ ಡಾಕ್ಟರೇ?

ಉತ್ತರ: ಹೆದರಿಕೆ ಅಲ್ಲವೇ ಅಲ್ಲಮ್ಮ. ಈ ಉತ್ತರವನ್ನು ಮನೆಯವರ ಎದುರಿಗೇ ಓದಿ.

ಅಸ್ತಮಾ, ಮೂಗಿನ ಪಾಲಿಪ್, ನೋವಿನ ಮಾತ್ರೆಗೆ ಉಬ್ಬಸ: ಈ ಮೂರೂ ಸೇರಿದ್ದು ಒಂದೇ ಕಾಯಿಲೆ. ಫ್ರಾನ್ಸಿನ ವೈದ್ಯ ವಿಡಾಲ್ 1922ರಲ್ಲೇ ಇದನ್ನು ವಿವರಿಸಿದ್ದರು. 1968ರಲ್ಲಿ ಸ್ಯಾಮ್ಟರ್ ಮತ್ತು ಬೀರ್ಸ್ ಎಂಬ ವೈದ್ಯರು ಬರೆದ ಮೇಲೆ ‘ಸ್ಯಾಮ್ಟರ್ಸ್ ಟ್ರಯಡ್’ (ಸ್ಯಾಮ್ಟರ್ ಹೇಳಿದ ಮೂರರ ಕೂಟ) ಎಂಬ ಹೆಸರು ನಿಂತಿತು. ಸಾಮಾನ್ಯವಾಗಿ ಮೂವತ್ತು–ನಲವತ್ತರ ವಯಸ್ಸಿನಲ್ಲಿ ಶುರುವಾಗುತ್ತದೆ, ಹೆಂಗಸರಲ್ಲಿ ಹೆಚ್ಚು. ನಮ್ಮ ಬೆಂಗಳೂರಿನಲ್ಲಿ ಉಬ್ಬಸ ಬಂದರೆ ಧೂಳು, ಪಾರ್ಥೇನಿಯಂ, ಮೋಡದ ಹವೆ ಎಂದು ಎಲ್ಲವನ್ನೂ ಬೈಯುತ್ತೇವೆ. ಗಂಟೆಯ ಹಿಂದೆ ನುಂಗಿದ ಮಾತ್ರೆಯ ಮೇಲೆ ಮಾತ್ರ ಯಾರಿಗೂ ಅನುಮಾನ ಬರುವುದಿಲ್ಲ.

ರಕ್ತಪರೀಕ್ಷೆಯಲ್ಲಿ ಸಿಗದಿರುವುದಕ್ಕೆ ಕಾರಣವಿದೆ. ಆ ಪರೀಕ್ಷೆ ಹುಡುಕುವುದು ಐಜಿಇ ಎಂಬ ಪ್ರತಿಕಾಯವನ್ನು. ನಿಮ್ಮ ತೊಂದರೆಗೆ ಅದು ಕಾರಣವೇ ಅಲ್ಲ. ನೀವು ನುಂಗಿದಂಥ ನೋವಿನ ಮಾತ್ರೆಗಳು ಕಾಕ್ಸ್–1 ಎಂಬ ಕಿಣ್ವವನ್ನು ತಡೆಯುತ್ತವೆ. ಅದರಿಂದ ಮೈಯೊಳಗಿನ ಪ್ರೊಸ್ಟಗ್ಲಾಂಡಿನ್ ಇ2 ಎಂಬ ರಾಸಾಯನಿಕ ಕಡಿಮೆಯಾಗುತ್ತದೆ. ಶ್ವಾಸನಾಳ ಬಿಗಿಸುವ ಲ್ಯೂಕೋಟ್ರಯೀನ್ ಎಂಬ ರಾಸಾಯನಿಕಗಳನ್ನು ಹದ್ದುಬಸ್ತಿನಲ್ಲಿಟ್ಟಿದ್ದುದೇ ಅದು. ನಿಮ್ಮಂಥವರಲ್ಲಿ ಲ್ಯೂಕೋಟ್ರಯೀನ್ ಮೊದಲೇ ಹೆಚ್ಚಿರುತ್ತದೆ. ತಡೆ ತಪ್ಪಿದೊಡನೆ ಮೂಗು ಸುರಿಯುತ್ತದೆ, ಶ್ವಾಸನಾಳ ಬಿಗಿಯುತ್ತದೆ. ಅರ್ಧ ಗಂಟೆಯಿಂದ ಮೂರು ಗಂಟೆಯೊಳಗೆ ಇದೆಲ್ಲ ನಡೆಯುತ್ತದೆ. ಎರಡು ಬೇರೆ ಬೇರೆ ಮಾತ್ರೆಗೆ ಒಂದೇ ರೀತಿ ಆಗಿರುವುದರಿಂದ ನಿಮ್ಮ ವಿಷಯದಲ್ಲಿ ನನಗೆ ಹೆಚ್ಚು ಸಂಶಯವಿಲ್ಲ. ಸಂಶಯವಿದ್ದವರಿಗೆ ಆಸ್ಪತ್ರೆಯಲ್ಲಿ ಆಸ್ಪಿರಿನ್ ಅನ್ನು ಸ್ವಲ್ಪ ಸ್ವಲ್ಪವೇ ಕೊಟ್ಟು, ಉಸಿರಿನ ಬಲ ಅಳೆಯುತ್ತ ನೋಡುತ್ತಾರೆ. ಮನೆಯಲ್ಲಿ ‘ಇನ್ನೊಂದ್ಸಲ ನೋಡೋಣ’ ಎಂದು ದಯವಿಟ್ಟು ನುಂಗಬೇಡಿ. ಜೀವಕ್ಕೇ ಅಪಾಯ.

ಬಿಡಬೇಕಾದದ್ದು ಐಬುಪ್ರೊಫೆನ್, ಡೈಕ್ಲೋಫೆನಾಕ್ ಎರಡೇ ಅಲ್ಲ. ಆಸ್ಪಿರಿನ್, ಅಸಿಕ್ಲೋಫೆನಾಕ್, ನ್ಯಾಪ್ರೊಕ್ಸೆನ್, ಕೀಟೊರೊಲ್ಯಾಕ್ ಎಲ್ಲವೂ ಇದೇ ಗುಂಪು. ಇಂಜೆಕ್ಷನ್ ಆದರೂ ಅಷ್ಟೇ. ಡಿಸ್ಪ್ರಿನ್‌ನಲ್ಲಿರುವುದು ಆಸ್ಪಿರಿನ್. ಕಾಂಬಿಫ್ಲಾಮ್‌ನಲ್ಲಿ ಪ್ಯಾರಾಸಿಟಮಾಲ್ ಜೊತೆಗೆ ಐಬುಪ್ರೊಫೆನ್ ಇದೆ. ಮುಟ್ಟಿನ ಹೊಟ್ಟೆನೋವಿಗೆ ಎಷ್ಟೋ ಹೆಣ್ಣುಮಕ್ಕಳು ನುಂಗುವ ಮೆಫ್ಟಾಲ್ ಸ್ಪಾಸ್‌ನಲ್ಲಿರುವ ಮೆಫೆನಮಿಕ್ ಆಸಿಡ್ ಕೂಡ ನಿಮಗೆ ಬೇಡ. ಸೊಂಟಕ್ಕೆ ಹಚ್ಚುವ ಜೆಲ್‌ನಲ್ಲೂ ಡೈಕ್ಲೋಫೆನಾಕ್ ಇರುತ್ತದೆ, ಕೇಳದೆ ಹಚ್ಚಬೇಡಿ.

ನನಗೆ ಬಹಳ ಸಂಕಟ ತರುವುದು ಮೆಡಿಕಲ್ ಶಾಪ್‌ನ ಕತ್ತರಿ. ‘ಮೈಕೈ ನೋವು’ ಎಂದರೆ ಸ್ಟ್ರಿಪ್‌ನಿಂದ ಎರಡು ಮಾತ್ರೆ ಕತ್ತರಿಸಿ ಕವರ್‌ಗೆ ಹಾಕಿ ಕೊಡುತ್ತಾರೆ. ಒಳಗೇನಿದೆ ಎಂಬ ಸಣ್ಣ ಅಕ್ಷರದ ಸಾಲು ಅಂಗಡಿಯಲ್ಲೇ ಉಳಿಯುತ್ತದೆ. ಇಡೀ ಸ್ಟ್ರಿಪ್ ತೆಗೆದುಕೊಳ್ಳಿ, ಆ ಸಾಲು ಓದಿ, ಓದಲಾಗದಿದ್ದರೆ ಓದಿಸಿಕೊಳ್ಳಿ.

ತಲೆನೋವಿಗೆ ಪ್ಯಾರಾಸಿಟಮಾಲ್ ಸಾಕು. ಒಂದು ಸಲಕ್ಕೆ 500 ಮಿಲಿಗ್ರಾಂ ಬಹುತೇಕ ಎಲ್ಲರಿಗೂ ಒಗ್ಗುತ್ತದೆ. 1000ಕ್ಕೆ ಹೋದರೆ ಕೆಲವರಿಗೆ ಉಬ್ಬಸ ಬರುವುದುಂಟು. ಇನ್ನೂ ಬಲವಾದದ್ದು ಬೇಕಾದರೆ ಸೆಲೆಕಾಕ್ಸಿಬ್, ಎಟೋರಿಕಾಕ್ಸಿಬ್ ಇವೆ; ಹೆಚ್ಚಿನವರಿಗೆ ತೊಂದರೆ ಮಾಡುವುದಿಲ್ಲ. ಆದರೂ ಮೊದಲ ಮಾತ್ರೆ ವೈದ್ಯರ ಕಣ್ಣೆದುರೇ ಆಗಲಿ.

ನೋವಿನ ಮಾತ್ರೆ ಬಿಟ್ಟ ಮಾತ್ರಕ್ಕೆ ಅಸ್ತಮಾ ಹೋಗುವುದಿಲ್ಲ. ಇನ್‌ಹೇಲರ್, ಮೂಗಿನ ಸ್ಟೆರಾಯ್ಡ್ ಸ್ಪ್ರೇ ದಿನವೂ ಬೇಕು. ಲ್ಯೂಕೋಟ್ರಯೀನ್ ತಡೆಯುವ ಮಾಂಟೆಲುಕಾಸ್ಟ್ ಮಾತ್ರೆ ಕೆಲವರಿಗೆ ನೆರವಾಗುತ್ತದೆ. ಪಾಲಿಪ್ ಮರುಕಳಿಸಿರುವುದರಿಂದ ‘ಆಸ್ಪಿರಿನ್ ಡೀಸೆನ್ಸಿಟೈಸೇಶನ್’ ಬಗ್ಗೆ ನಿಮ್ಮ ಶ್ವಾಸಕೋಶ ತಜ್ಞರನ್ನು ಕೇಳಿ. ಆಸ್ಪತ್ರೆಯಲ್ಲೇ ಆಸ್ಪಿರಿನ್ ಅನ್ನು ಮೈಗೆ ಒಗ್ಗಿಸಿ, ಆಮೇಲೆ ದಿನವೂ ತಪ್ಪದೆ ಕೊಡುವ ಚಿಕಿತ್ಸೆ ಅದು. ಪಾಲಿಪ್ ಬೆಳೆಯುವುದು ನಿಧಾನವಾಗುತ್ತದೆ, ಕೆಲವರಿಗೆ ವಾಸನೆಯೂ ಮರಳುತ್ತದೆ.

ನಿಮಗೆ ಬೇಡವೆಂದ ನೋವಿನ ಮಾತ್ರೆಗಳ ಹೆಸರು ಬರೆದ ಚೀಟಿಯೊಂದನ್ನು ಪರ್ಸಿನಲ್ಲಿಡಿ. ಹಲ್ಲಿನ ಡಾಕ್ಟರಿರಲಿ, ಮೂಳೆ ಡಾಕ್ಟರಿರಲಿ, ಅವರು ಕೇಳುವ ಮೊದಲೇ ತೋರಿಸಿ. ಮತ್ತೆ ಎದೆ ಬಿಗಿದರೆ ಕೂಡಲೇ ರಿಲೀವರ್ ಇನ್‌ಹೇಲರ್ ಎಳೆದುಕೊಂಡು 108ಕ್ಕೆ ಫೋನ್ ಮಾಡಿಸಿ. ಒಬ್ಬರೇ ಆಟೋ ಹುಡುಕುತ್ತ ರಸ್ತೆಗೆ ಇಳಿಯಬೇಡಿ.