ನಾಲ್ಕು ಮೀನಿನ ಲೆಕ್ಕ

ಸಾಲ್ಮನ್ ಮೀನು ವಾಪಸ್ ಬರಲೆಂದು ಅಮೆರಿಕದ ಎಲ್ವಾ ನದಿಯ ಎರಡು ಅಣೆಕಟ್ಟುಗಳನ್ನು ಒಡೆದು ತೆಗೆದ ಬಗ್ಗೆ ನಾವು ಬರೆದಿದ್ದನ್ನು ಓದಿ ಸಾಗರದ ಓದುಗರೊಬ್ಬರು ಸಿಟ್ಟಾಗಿದ್ದಾರೆ. ‘ನಾಲ್ಕು ಮೀನಿಗೋಸ್ಕರ ಕರೆಂಟು ಕೊಡುವ ಕಟ್ಟೆ ಒಡೆಯುವುದು ಹೊಟ್ಟೆ ತುಂಬಿದವರ ಚಟ’ ಅನ್ನುತ್ತಾರೆ.

ಕರೆಂಟು ಬೇಕು, ಒಪ್ಪಿದೆ. ಆದರೆ ಲಿಂಗನಮಕ್ಕಿ ಹಿನ್ನೀರಲ್ಲಿ ಮನೆ, ಗದ್ದೆ ಕಳಕೊಂಡವರ ನಡುವೆ ಇರುವ ನೀವೇ ಹೀಗಂದರೆ ಹೇಗೆ ಸ್ವಾಮಿ? ಎಲ್ವಾದ ಕರೆಂಟು ಕೊನೆಕೊನೆಗೆ ಹೋಗುತ್ತಿದ್ದುದು ಒಂದು ಕಾಗದದ ಕಾರ್ಖಾನೆಗೆ.

ಇನ್ನು ನಾಲ್ಕು ಮೀನಿನ ಮಾತು. ಕಟ್ಟೆಗೆ ಮುಂಚೆ ವರ್ಷಕ್ಕೆ ಅಂದಾಜು 4 ಲಕ್ಷ ಸಾಲ್ಮನ್ ಆ ನದಿ ಹತ್ತುತ್ತಿದ್ದವು. ಕಟ್ಟೆ ಕಟ್ಟಿದರೆ ಮೀನಿಗೆ ದಾರಿ ಬಿಡಬೇಕೆಂಬ ಕಾನೂನು ಎಲ್ವಾ ಹರಿಯುವ ವಾಷಿಂಗ್ಟನ್ ರಾಜ್ಯದಲ್ಲಿ ಆಗಲೇ ಇತ್ತು. ಆದರೂ 1913ರಲ್ಲಿ ಮುಗಿದ ಕೆಳಗಿನ ಕಟ್ಟೆಗೆ ದಾರಿ ಬಿಡಲಿಲ್ಲ. ಸಮುದ್ರದಿಂದ 8 ಕಿ.ಮೀ. ಬಂದರೆ ಗೋಡೆ!

ಸಾಲ್ಮನ್ ಮೈ ತುಂಬಿಕೊಳ್ಳುವುದು ಸಮುದ್ರದಲ್ಲಿ. ಹುಟ್ಟಿದ ಹೊಳೆಗೆ ವಾಪಸ್ ಬಂದು, ಮೊಟ್ಟೆಯಿಟ್ಟು ಸಾಯುತ್ತದೆ. ಕರಡಿ ಅದನ್ನು ಕಚ್ಚಿಕೊಂಡು ಕಾಡಿನೊಳಗೆ ಹೋಗುತ್ತದೆ. ಮೀನು ಜಾಸ್ತಿ ಇದ್ದಾಗ ತತ್ತಿ, ಮಿದುಳು ತಿಂದು ಉಳಿದದ್ದನ್ನು ಅಲ್ಲೇ ಬಿಡುತ್ತದೆ. ಅದಕ್ಕೆ ಹುಳು ಹತ್ತುತ್ತವೆ, ಮಣ್ಣಾಗುತ್ತದೆ. ಅಂಥ ಹೊಳೆದಂಡೆಯ ಸ್ಪ್ರೂಸ್ ಮರಗಳಲ್ಲಿ ಸಮುದ್ರದ ಸಾರಜನಕ ಇರುವುದನ್ನು ವಿಜ್ಞಾನಿಗಳು ಅಳೆದು ತೋರಿಸಿದ್ದಾರೆ. ಸಮುದ್ರವೇ ಕಾಡಿಗೆ ಗೊಬ್ಬರ ಹೊತ್ತು ತಂದ ಹಾಗೆ.

ಆ ಕರಾವಳಿಯ ಬುಡಕಟ್ಟುಗಳು ವರ್ಷದ ಮೊದಲ ಸಾಲ್ಮನ್ ತಿಂದು, ಮೂಳೆಗಳನ್ನು ಗೌರವದಿಂದ ನದಿಗೇ ಬಿಡುತ್ತಿದ್ದರು. ಎಲ್ವಾ ದಂಡೆಯ ಕ್ಲಾಲಂ ಬುಡಕಟ್ಟಿನ ಜನ ಅಮೆರಿಕ ಸರ್ಕಾರದ ಜೊತೆಗಿನ 1855ರ ಒಪ್ಪಂದದಲ್ಲಿ ನೆಲ ಬಿಟ್ಟುಕೊಟ್ಟರು, ಮೀನು ಹಿಡಿಯುವ ಹಕ್ಕು ಉಳಿಸಿಕೊಂಡರು. ಮೀನೇ ಬರದಿದ್ದರೆ ಹಕ್ಕು ಇಟ್ಟುಕೊಂಡು ಏನು ಮಾಡುವುದು? ತಮ್ಮ ಕುಲ ಹುಟ್ಟಿದ ಬಂಡೆ ನದಿಯಲ್ಲೇ ಇದೆ ಅಂತ ಅವರ ಹಿರಿಯರು ಹೇಳುತ್ತಲೇ ಇದ್ದರು. ಅದೂ ಹಿನ್ನೀರಿನಡಿ ಸೇರಿತ್ತು. 2011ರಲ್ಲಿ ಒಡೆಯುವ ಕೆಲಸ ಶುರುವಾಗಿ ಕೆರೆ ಇಳಿದಾಗ, ಬುಟ್ಟಿಯಾಕಾರದ ಗುಳಿಗಳಿದ್ದ ಆ ಬಂಡೆ ಕಂಡಿತು. ಸುಮ್ನೆ ಕಥೆ ಅಂದವರು ಈಗ ಏನನ್ನುತ್ತಾರೆ?

2014ಕ್ಕೆ ಎರಡೂ ಕಟ್ಟೆ ಹೋದವು. 2023ರಲ್ಲಿ ಕ್ಲಾಲಂ ಜನ ಮತ್ತೆ ಅಲ್ಲಿ ಕೋಹೋ ಜಾತಿಯ ಸಾಲ್ಮನ್ ಹಿಡಿದರು.

ನಮ್ಮಲ್ಲಿ ನದಿ ಅಂದರೆ ಟಿಎಂಸಿ, ಮೆಗಾವಾಟ್. ನೇತ್ರಾವತಿ ನೀರು ‘ಸಮುದ್ರಕ್ಕೆ ಹರಿದು ಪೋಲಾಗುತ್ತದೆ’ ಅಂತ ಭಾಷಣ ಬೇರೆ. ಎಲ್ವಾ ಮರಳು ಕಟ್ಟೆಯ ಹಿಂದೆ ಸಿಕ್ಕಿಬಿದ್ದಿದ್ದಾಗ ಅಳಿವೆಯ ಕಡಲದಂಡೆ ಕೊರೆದು ಹೋಗಿತ್ತು. ಕಟ್ಟೆ ಒಡೆದ ಮೇಲೆ ಮರಳು ಬಂತು, ದಂಡೆ ಬೆಳೆಯಿತು. ಅದನ್ನೂ ಪೋಲು ಅನ್ನುತ್ತೀರಾ?