4x4 ಹಾಕಿದರೂ ಜೀಪು ತೋಟದ ಏರಿನಲ್ಲಿ ನಿಂತುಬಿಡುತ್ತದೆ. ಡಿಫ್ ಲಾಕ್ ಹಾಕಿಸಿದರೆ ಈ ಕಾಟ ತಪ್ಪುತ್ತದಾ?

"ಹಿಂದಿನದೊಂದು, ಮುಂದಿನದೊಂದು ಚಕ್ರ ಮಾತ್ರ ಗಿರಗಿರ ಸುತ್ತುತ್ತವೆ, ಉಳಿದೆರಡು ಸುಮ್ನೆ ನಿಂತಿರುತ್ತವೆ" ಅಂತ ಬರೆದಿದ್ದೀರಲ್ಲ, ಅದನ್ನು ಓದಿ ನಗು ಬಂತು. ಸಕಲೇಶಪುರದ ಕಡೆ ನಮ್ಮ ತೋಟಕ್ಕೆ ಇಳಿಯುವ ದಾರಿಯಲ್ಲಿ ಇದೇ ಕಾಟ ಪಟ್ಟವನು ನಾನು. ಲಾಕ್ ಒಂದು ಹಾಕಿಸಿಬಿಟ್ಟರೆ ಮುಗೀತು ಅಂದುಕೊಂಡೆ. ಹಾಕಿಸಿದೆ. ಆಮೇಲೆ ಆಕ್ಸಲ್ ಮುರಿದುಕೊಂಡೆ.

ಮೊದಲು ಒಂದು ಮಾತು. ನಿಮ್ಮ ಗಾಡಿ ಕೆಟ್ಟಿಲ್ಲ. ತಿರುವಿನಲ್ಲಿ ಹೊರಗಿನ ಚಕ್ರ ಒಳಗಿನದಕ್ಕಿಂತ ಜಾಸ್ತಿ ದೂರ ಹೋಗಬೇಕು. ಅದಕ್ಕೆಂದೇ ಆಕ್ಸಲಿನ ಹೌಸಿಂಗ್ (ಹೊರಕವಚ) ಒಳಗೆ, ಇಂಜಿನ್ನಿನ ಬಲ ಪಡೆಯುವ ದೊಡ್ಡ ಹಲ್ಲುಚಕ್ರವಾದ ಕ್ರೌನ್ ವೀಲಿಗೆ ಸೇರಿಸಿದ ಗೂಡಿನಲ್ಲಿ, ಸಣ್ಣ ಸ್ಟಾರ್ ಗೇರುಗಳನ್ನು ಕೂರಿಸಿರುತ್ತಾರೆ. ಇದಕ್ಕೇ ಡಿಫರೆನ್ಷಿಯಲ್, ಚಿಕ್ಕದಾಗಿ ಡಿಫ್, ಅನ್ನುವುದು. ಎಡ ಬಲ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಅವು ಬಿಡುತ್ತವೆ. ಬಲವನ್ನು ಮಾತ್ರ ಯಾವಾಗಲೂ ಎರಡೂ ಕಡೆಗೆ ಸಮ ಹಂಚುತ್ತವೆ. ಕಷ್ಟ ಶುರುವಾಗುವುದೇ ಇಲ್ಲಿ. ಕೆಸರಲ್ಲಿರುವ ಚಕ್ರ ಸುತ್ತಲು 10 ಪಾಲು ಬಲ ಸಾಕು ಅಂದುಕೊಳ್ಳಿ. ಆಗ ಗಟ್ಟಿ ನೆಲದ ಮೇಲಿರುವ ಚಕ್ರಕ್ಕೆ ಸಿಗುವುದೂ 10 ಪಾಲೇ. ಗಾಡಿ ಮೇಲೇರಲು 60 ಬೇಕು. ನೀವು ಎಷ್ಟೇ ಆಕ್ಸಿಲರೇಟರ್ ಒತ್ತಿದರೂ ಕೆಸರಿನ ಚಕ್ರ ಇನ್ನೂ ಜೋರಾಗಿ ಸುತ್ತುತ್ತದೆ, ಅಷ್ಟೇ.

4x4 ಲಿವರ್ ಎಳೆದಾಗ ಆಗುವುದೇನು? ಆಕ್ಸಲಿಗೆ ಬಲ ಒಯ್ಯುವ ಮುಂದಿನ ಪ್ರೊಪೆಲ್ಲರ್ ಶಾಫ್ಟೂ ಹಿಂದಿನದೂ ಒಂದಕ್ಕೊಂದು ಕಟ್ಟಿದಂತಾಗುತ್ತವೆ. ಎಡ ಬಲಗಳ ಲೆಕ್ಕಕ್ಕೆ ಅದು ಕೈ ಹಾಕುವುದೇ ಇಲ್ಲ. ಅದಕ್ಕೇ ಹಿಂದೆ ಒಂದು, ಮುಂದೆ ಒಂದು ಸುತ್ತಿ ಗಾಡಿ ನಿಲ್ಲುತ್ತದೆ.

ಡಿಫ್ ಲಾಕ್ ಅಂದರೆ ಆ ಸ್ಟಾರ್ ಗೇರುಗಳ ಆಟ ನಿಲ್ಲಿಸಿ, ಚಕ್ರಗಳಿಗೆ ಹೋಗುವ ಎಡ ಬಲದ ಶಾಫ್ಟುಗಳನ್ನು ಒಂದೇ ಸರಳಿನಂತೆ ತಿರುಗಿಸುವುದು. ಆಗ ಸಮಪಾಲಿನ ಮಾತೇ ಇಲ್ಲ. ಕೆಸರಿನ ಚಕ್ರ ತನ್ನ 10 ತೆಗೆದುಕೊಂಡು, ಉಳಿದದ್ದೆಲ್ಲ ಹಿಡಿತ ಇರುವ ಕಡೆಗೆ ಹೋಗುತ್ತದೆ. "ಉಳಿದದ್ದೆಲ್ಲ" ಅನ್ನುವುದನ್ನು ನೆನಪಿಟ್ಟುಕೊಳ್ಳಿ. ನನಗೆ ಪೆಟ್ಟು ಬಿದ್ದದ್ದು ಅಲ್ಲೇ.

ನನ್ನ ಭಾವನ ಹತ್ತಿರ ಮಹೀಂದ್ರ ಥಾರ್ ಇದೆ. ಹಿಂದಿನ ಆಕ್ಸಲಿನಲ್ಲಿ ಈಟನ್ ಕಂಪನಿಯ ಮೆಕ್ಯಾನಿಕಲ್ ಲಾಕ್. ಥಾರ್‌ಗೆ ಅದು ಬಂದದ್ದು 2015ರಲ್ಲಿ. ಅದಕ್ಕೆ ಸ್ವಿಚ್ಚೂ ಇಲ್ಲ, ಲಿವರ್ರೂ ಇಲ್ಲ. ಎಡ ಬಲ ಚಕ್ರಗಳ ನಡುವೆ ನಿಮಿಷಕ್ಕೆ ಸುಮಾರು 100 ಸುತ್ತಿನ ವ್ಯತ್ಯಾಸ ಬಂದರೆ ಒಳಗಿನ ಸಣ್ಣ ತೂಕದ ತುಂಡುಗಳು ಹೊರಕ್ಕೆ ಚಿಮ್ಮಿ, ಕೊಕ್ಕೆ ಹಾಕಿ, ಕ್ಲಚ್ ಪ್ಲೇಟುಗಳನ್ನು ಒತ್ತಿಸಿ ತಾನೇ ಲಾಕ್ ಆಗುತ್ತದೆ. ಗಂಟೆಗೆ ಮೂವತ್ತು ಕಿಲೋಮೀಟರ್ ಆಸುಪಾಸು ದಾಟಿದ ಮೇಲೆ ಲಾಕ್ ಆಗುವುದಿಲ್ಲ. ಭಾವ ನನಗೆ ಹೇಳಿಕೊಟ್ಟದ್ದು ಇಷ್ಟೇ: "ಚಕ್ರ ಸುತ್ತಿದ ತಕ್ಷಣ ಕಾಲು ತೆಗೀಬೇಡ. ಸ್ವಲ್ಪ ರೇಸ್ ಕೊಡು, ಟಕ್ ಅಂತ ಹಿಡ್ಕೊಳ್ಳುತ್ತೆ." ಆ ಲಾಕಿಗೆ ಅದು ಸರಿಯಾದ ಮಾತೇ. ಚಕ್ರ ಸುತ್ತದೇ ಇದ್ದರೆ ಅದಕ್ಕೆ ಗೊತ್ತಾಗುವುದಾದರೂ ಹೇಗೆ?

ನಾನು ನನ್ನ ಜೀಪಿಗೆ ಹಾಕಿಸಿದ್ದು ಬೇರೆ ಜಾತಿಯದು, ಗಾಳಿಯ ಲಾಕ್. ಡ್ಯಾಶ್‌ಬೋರ್ಡಿನ ಬಟನ್ ಒತ್ತಿದರೆ ಪುಟ್ಟ ಕಂಪ್ರೆಸರ್‌ನಿಂದ ಗಾಳಿ ಹೋಗಿ, ಹಲ್ಲುಗಳಿರುವ ಒಂದು ರಿಂಗನ್ನು ಪಕ್ಕಕ್ಕೆ ದೂಡಿ, ಹಲ್ಲಿಗೆ ಹಲ್ಲು ಕೂರಿಸುತ್ತದೆ. ಇದರಲ್ಲಿ ಜಾರುವ ಪ್ಲೇಟಿಲ್ಲ, ಸಾವಕಾಶವಿಲ್ಲ. ಕೂತರೆ ಕೂತಿತು.

ಪುನರ್ವಸು ಮಳೆ ಹಿಡಿದಿತ್ತು. ಹಿಂದೆ ತೋಟಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಡ್ರಮ್ಮು, ಸುಣ್ಣದ ಚೀಲ. ಮೋರಿ ದಾಟಿದ ಮೇಲಿನ ಏರಿನಲ್ಲಿ ಎಡಗಡೆಯ ಹಿಂದಿನ ಚಕ್ರ ಗುಂಡಿಗೆ ಇಳಿಯಿತು, ಬಲಗಡೆಯದು ಒರಟು ಬಂಡೆಯ ಮೇಲೆ ಕೂತಿತು. ಲೋ ಗೇರು, ಫಸ್ಟ್. ಎಡ ಚಕ್ರ ಕೆಸರು ಎರಚುತ್ತಾ ಸುತ್ತುತ್ತಿತ್ತು. ಥಾರ್‌ನಲ್ಲಿ ಕಲಿತ ಅಭ್ಯಾಸ, ಕಾಲು ತೆಗೆಯಲಿಲ್ಲ. ರೇಸ್ ಕೊಡುತ್ತಲೇ ಬಟನ್ ಒತ್ತಿದೆ.

ಕೊಡಲಿಯಲ್ಲಿ ಹೊಡೆದಂಥ ಒಂದು ಸದ್ದು. ಆಮೇಲೆ ಇಂಜಿನ್ ಆರಾಮವಾಗಿ ಓಡುತ್ತಿತ್ತು, ಜೀಪು ಮಾತ್ರ ಅಲುಗಲಿಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಲಾಕ್ ಹಾಕಿಸಿದ ಮುಕ್ಕಾಲು ಜನ ಇದನ್ನೇ ಮಾಡುತ್ತಾರೆ ಅನ್ನಿಸುತ್ತದೆ. ಒಂದು ಚಕ್ರ ಪೂರ್ತಿ ನಿಂತಿದ್ದರೆ, ಇನ್ನೊಂದು ಕ್ರೌನಿನ ಎರಡರಷ್ಟು ವೇಗದಲ್ಲಿ ಸುತ್ತುತ್ತದೆ. ಅಂಥ ಹೊತ್ತಲ್ಲಿ ಹಲ್ಲುಗಳನ್ನು ಕಚ್ಚಿಸಿದರೆ, ಬಂಡೆಯ ಮೇಲೆ ನಿಂತ ಚಕ್ರ ಕಣ್ಣು ಮಿಟುಕಿಸುವುದರೊಳಗೆ ಕ್ರೌನಿನ ವೇಗಕ್ಕೆ ಬರಬೇಕು. ಬರೀ ಇಂಜಿನ್ನಿನ ಬಲ ಅಲ್ಲ, ಸುತ್ತುತ್ತಿದ್ದ ಚಕ್ರದ, ಪ್ರೊಪೆಲ್ಲರ್ ಶಾಫ್ಟಿನ, ಫ್ಲೈವೀಲಿನ ಓಟವೆಲ್ಲ ಒಟ್ಟಿಗೆ ಆ ಒಂದು ಶಾಫ್ಟಿನ ಮೇಲೆ ಬಂದು ಬೀಳುತ್ತದೆ. ಲೋ ಗೇರಿನಲ್ಲಿ ಬಲ ಮೊದಲೇ ಸುಮಾರು ಎರಡೂವರೆ ಪಟ್ಟು ಆಗಿರುತ್ತದೆ, ಅದರ ಮೇಲೆ ಫಸ್ಟ್ ಗೇರು, ಅದರ ಮೇಲೆ ಕ್ರೌನ್, ಅದನ್ನು ತಿರುಗಿಸುವ ಸಣ್ಣ ಪಿನಿಯನ್ ಗೇರು. ಲಾಕ್ ಇಲ್ಲದ ಓಪನ್ ಡಿಫ್ ಇದ್ದಾಗ ಯಾವ ಶಾಫ್ಟಿಗೂ ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಬರುವುದೇ ಇಲ್ಲ. ಲಾಕ್ ಆದಾಗ ಪೂರ್ತಿ ಒಂದಕ್ಕೇ ಬರಬಹುದು. ಕೆಸರಾಗಿದ್ದರೆ ಟೈರು ಜಾರಿ ಪೆಟ್ಟು ತಪ್ಪುತ್ತಿತ್ತು. ಒರಟು ಬಂಡೆ ಬಿಡಲಿಲ್ಲ, ಟೈರು ಜಾರಲಿಲ್ಲ, ನಡುವಿನ ಶಾಫ್ಟು ಸೋತಿತು.

ನಾನು ಮಾಡಬೇಕಾಗಿದ್ದದ್ದು ಇಷ್ಟೇ. ಕ್ಲಚ್ ಒತ್ತಿ ಚಕ್ರ ನಿಲ್ಲಿಸಬೇಕಿತ್ತು. ಬಟನ್ ಒತ್ತಬೇಕಿತ್ತು. ಹಲ್ಲು ಕೂರಲು ಒಂಚೂರು ಉರುಳಿಸಿ, ಆಮೇಲೆ ಐಡಲಿನಲ್ಲೇ ಮೆಲ್ಲಗೆ ಬಿಡಬೇಕಿತ್ತು. ಇನ್ನೂ ಒಳ್ಳೆಯದೆಂದರೆ, ಗುಂಡಿ ಕಾಣುತ್ತಿತ್ತಲ್ಲ, ಇಳಿಯುವ ಮೊದಲೇ ಲಾಕ್ ಹಾಕಿಕೊಳ್ಳಬೇಕಿತ್ತು.

ಹೊರಗಿಂದ ನೋಡಿದರೆ ಏನೂ ಆಗಿರಲಿಲ್ಲ. ಜೀಪಿನದು ಫುಲ್ ಫ್ಲೋಟಿಂಗ್ ಆಕ್ಸಲ್. ಭಾರ ಹೊರುವುದು ಚಕ್ರದ ನಡುವಿನ ಹಬ್ಬು, ಶಾಫ್ಟಿಗೆ ತಿರುಗಿಸುವ ಕೆಲಸ ಮಾತ್ರ. ಹಾಗಾಗಿ ಶಾಫ್ಟು ಮುರಿದರೂ ಚಕ್ರ ತನ್ನ ಜಾಗದಲ್ಲೇ ಇರುತ್ತದೆ. ನಾನು ಗಾಬರಿಯಲ್ಲಿ ಲಾಕ್ ಆಫ್ ಮಾಡಿದೆ. ಹಿಂದಿನ ಎರಡೂ ಚಕ್ರ ಸತ್ತವು. ಮೆಕ್ಯಾನಿಕ್ ಸಾಬರಿಗೆ ಫೋನ್ ಮಾಡಿದರೆ ಅವರು ಸದ್ದು ಹೇಗಿತ್ತು ಅಂತ ಕೇಳಿ, "ಗೌಡ್ರೇ, ಬಟನ್ ವಾಪಸ್ ಒತ್ರಿ. ಲಾಕ್ ಹಾಕ್ಕೊಂಡೇ ನಿಧಾನಕ್ಕೆ ಮನೆಗೆ ಹೋಗ್ರಿ" ಅಂದರು. ಸರಿಯಾದ ಮಾತು. ಲಾಕ್ ಇಲ್ಲದಿದ್ದರೆ ಬಲವೆಲ್ಲ ಮುರಿದ ಕಡೆಗೆ ಸೋರಿ ಹೋಗುತ್ತದೆ. ಲಾಕ್ ಇದ್ದರೆ ಉಳಿದ ಒಂದು ಶಾಫ್ಟಾದರೂ ತಳ್ಳುತ್ತದೆ. ಟ್ರ್ಯಾಕ್ಟರ್ ಬಂದು ಗುಂಡಿಯಿಂದ ಎಳೆದ ಮೇಲೆ ಹಾಗೇ ಕುಂಟಿಕೊಂಡು ಮನೆ ಸೇರಿದೆ.

ಬಿಚ್ಚಿದಾಗ ನೋಡಿದೆ. ಮುರಿದ ಜಾಗ ಹೊಸ ಉಕ್ಕಿನಂತೆ ಬೆಳ್ಳಗಿತ್ತು. ತುದಿಯ ನೇರ ಸ್ಪ್ಲೈನ್ ಗೀರುಗಳೆಲ್ಲ ಜಡೆ ಹೆಣೆದ ಹಾಗೆ ತಿರುಚಿಕೊಂಡಿದ್ದವು. ಆ ತುಂಡು ಇನ್ನೂ ಶೆಡ್ಡಿನಲ್ಲಿದೆ. ಹೌಸಿಂಗ್ ಪೂರ್ತಿ ಇಳಿಸಿ ತೊಳೆದು ಚೂರು ಹುಡುಕಬೇಕಾಯಿತು. ಆ ಮಳೆಗಾಲವಿಡೀ ನಾನು ತೋಟಕ್ಕೆ ಹೋದದ್ದು ಟ್ರ್ಯಾಕ್ಟರಿನ ಮಡ್‌ಗಾರ್ಡ್ ಮೇಲೆ ಕೂತು.

ಅಲ್ಲಿ ಕೂತು ನೋಡಿದಾಗಲೇ ಗೊತ್ತಾದದ್ದು, ನಮ್ಮ ಟ್ರ್ಯಾಕ್ಟರ್ ಹುಡುಗನಿಗೆ ಇದೆಲ್ಲ ಕರತಲಾಮಲಕ ಅಂತ. ಟ್ರ್ಯಾಕ್ಟರಿನಲ್ಲಿ ಹಿಮ್ಮಡಿಯ ಹತ್ತಿರ ಡಿಫ್ ಲಾಕ್ ಪೆಡಲ್ ಇರುತ್ತದಲ್ವಾ? ಜೌಗು ಬರುವ ಮೊದಲೇ ತುಳಿಯುತ್ತಾನೆ. ನೇರ ಹೋಗುತ್ತಾನೆ. ತಿರುಗಿಸುವ ಮೊದಲು ಬಿಡುತ್ತಾನೆ. ಯಾರೂ ಅವನಿಗೆ ವಿಡಿಯೋ ತೋರಿಸಿ ಕಲಿಸಿಲ್ಲ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಕಾಟ ತಪ್ಪುತ್ತದಾ? ಇಲ್ಲ. ಲಾಕ್ ಕೆಲಸ ಮಾಡಬೇಕಾದರೆ ಒಂದು ಚಕ್ರಕ್ಕಾದರೂ ಹಿಡಿತ ಇರಬೇಕು. ಎರಡೂ ಕೆಸರಲ್ಲಿ ಮುಳುಗಿ ಹೌಸಿಂಗ್ ನೆಲಕ್ಕೆ ಕೂತಿದ್ದರೆ ಲಾಕ್ ಎರಡೂ ಚಕ್ರಗಳನ್ನು ಸಮನಾಗಿ ಹೂಳುತ್ತದೆ, ಅಷ್ಟೇ. ಇನ್ನೊಂದು ಅಪಾಯ ಯಾರೂ ಹೇಳುವುದಿಲ್ಲ. ಪಕ್ಕಕ್ಕೆ ಓರೆಯಾದ ಜಾರು ದಾರಿಯಲ್ಲಿ ಓಪನ್ ಡಿಫ್ ಇದ್ದರೆ ಒಂದು ಚಕ್ರ ಸುತ್ತಿದರೂ ಇನ್ನೊಂದು ನಿಂತು ಗಾಡಿಯ ಹಿಂಭಾಗವನ್ನು ಹಿಡಿದುಕೊಳ್ಳುತ್ತದೆ. ಲಾಕ್ ಹಾಕಿದರೆ ಎರಡೂ ಒಟ್ಟಿಗೆ ಸುತ್ತಿ, ಹಿಂಭಾಗ ಇಳಿಜಾರಿನ ಕಡೆಗೆ ಸರಿಯುತ್ತದೆ. ನಮ್ಮ ಮಲೆನಾಡಿನ ತೋಟದ ದಾರಿಗಳಲ್ಲಿ ಒಂದು ಪಕ್ಕ ಧರೆ, ಇನ್ನೊಂದು ಪಕ್ಕ ಹಳ್ಳ. ಅಂಥ ಕಡೆ ಗಾಡಿ ನಿಂತುಬಿಡುವುದೇ ವಾಸಿ.

ಆದ್ದರಿಂದ ಈ ಮಳೆಗಾಲಕ್ಕೆ ಲಾಕ್ ಬೇಡ. ಮೊದಲು ಮುಂದಿನ ಹಬ್ಬುಗಳನ್ನು ನೋಡಿ. ಮುಂದಿನ ಚಕ್ರವನ್ನು ಶಾಫ್ಟಿಗೆ ಸೇರಿಸಲು, ಬಿಡಿಸಲು ಕೈಯಲ್ಲಿ ತಿರುಗಿಸುವ ಫ್ರೀ ವೀಲ್ ಹಬ್ ಇದ್ದು ಒಂದು ಕಡೆ ಫ್ರೀಯಲ್ಲೇ ಉಳಿದಿದ್ದರೆ 4x4 ಬರೀ ಹೆಸರಿಗೆ. ಟೈರು ಸವೆದಿದ್ದರೆ ಲಾಕಿನ ದುಡ್ಡಿನಲ್ಲಿ ಒಳ್ಳೆಯ ಮಡ್ ಟೈರ್ ಹಾಕಿಸಿ. ತೋಟಕ್ಕೆ ಇಳಿಯುವ ಮುನ್ನ ಗಾಳಿಯನ್ನು 18–20 ಪಿಎಸ್ಐಗೆ ಇಳಿಸಿ, ಟಾರ್ ರಸ್ತೆಗೆ ಬಂದ ಮೇಲೆ ಮತ್ತೆ ತುಂಬಿಸಿ. ಚಕ್ರ ಸುತ್ತಲು ಶುರುವಾದರೆ ಆಕ್ಸಿಲರೇಟರ್ ಹದವಾಗಿ ಇಟ್ಟು ಎಡಗಾಲಲ್ಲಿ ಬ್ರೇಕನ್ನು ಸ್ವಲ್ಪ ಒತ್ತಿ. ಸುತ್ತುವ ಚಕ್ರಕ್ಕೆ ತಡೆ ಬಿದ್ದಷ್ಟೂ ಆ ಕಡೆ ಈ ಕಡೆ ಎರಡಕ್ಕೂ ಬಲ ಏರುತ್ತದೆ. ಜಿಮ್ನಿಯಂಥ ಗಾಡಿಗಳಲ್ಲಿ ಕಂಪ್ಯೂಟರ್ ಮಾಡುವುದೂ ಇದನ್ನೇ, ಸುತ್ತುವ ಒಂದೇ ಚಕ್ರವನ್ನು ಹುಡುಕಿ ಬ್ರೇಕ್ ಹಿಡಿಯುತ್ತದೆ. ಹ್ಯಾಂಡ್‌ಬ್ರೇಕ್ ಎಳೆದರೆ ಆಗುತ್ತದೆ ಅನ್ನುವವರ ಮಾತು ಕೇಳಬೇಡಿ. ಕೆಲವು ಹಳೇ ಜೀಪುಗಳಲ್ಲಿ ಅದು ಪ್ರೊಪೆಲ್ಲರ್ ಶಾಫ್ಟಿನ ಮೇಲಿರುತ್ತದೆ, ಎಡ ಬಲದ ವಿಷಯದಲ್ಲಿ ಉಪಯೋಗವಿಲ್ಲ.

ಇಷ್ಟೆಲ್ಲ ಮಾಡಿಯೂ ಒಂದು ಚಕ್ರ ಗಾಳಿಯಲ್ಲಿ ನೇತಾಡುವಂಥ ಜಾಗ ನಿಮ್ಮ ದಾರಿಯಲ್ಲಿದ್ದರೆ ಮಾತ್ರ ಲಾಕ್ ಹಾಕಿಸಿ. ಹಿಂದಿನದಕ್ಕೆ ಮಾತ್ರ. ಫೋರ್ಸ್ ಗೂರ್ಖಾದಲ್ಲಿ ಮುಂದೆ ಹಿಂದೆ ಎರಡೂ ಇದೆ ನಿಜ, ಆದರೆ ಮುಂದಿನದನ್ನು ಹಾಕಿದರೆ ಸ್ಟಿಯರಿಂಗ್ ಕಲ್ಲಿನಂತೆ ಗಟ್ಟಿಯಾಗಿ ಗಾಡಿ ನೇರಕ್ಕೇ ಎಳೆಯುತ್ತದೆ. ತೋಟದ ತಿರುವುಗಳಿಗೆ ಅದು ತಲೆನೋವು. ಡಿಫ್‌ಗೆ ವೆಲ್ಡಿಂಗ್ ಹೊಡೆಸಿಬಿಡಿ, ಅಗ್ಗ ಅಂತ ಹೇಳುವವರು ಸಿಗುತ್ತಾರೆ. ಅದು ಸದಾ ಲಾಕ್ ಆಗಿರುವ ಗಾಡಿ. ಟಾರಿನ ಪ್ರತಿ ತಿರುವಿನಲ್ಲೂ ಟೈರು ಕಿರುಚುತ್ತದೆ, ಶಾಫ್ಟು ಹಿಂಡಿಕೊಳ್ಳುತ್ತದೆ, ಮಳೆಯಲ್ಲಿ ಹಿಂಭಾಗ ಜಾರುತ್ತದೆ. ಪೇಟೆಗೂ ಓಡಿಸುವ ಜೀಪಿಗೆ ಅದನ್ನು ಮಾಡಿಸಲೇಬೇಡಿ.

ಹಬ್ಬು ಯಾವುದು, ಟೈರು ಯಾವ ಸ್ಥಿತಿಯಲ್ಲಿದೆ ಅಂತ ಕೆಳಗೆ ಬರೆಯಿರಿ. ಮುಂದಿನ ಚಕ್ರವೂ ಸುತ್ತುತ್ತಿದೆ ಅಂದರೆ ಹಬ್ಬು ಸರಿ ಇರಬೇಕು, ಟೈರಿನ ಕಡೆಯೇ ನನಗೆ ಅನುಮಾನ ಜಾಸ್ತಿ.