ಸಂಪಾದಕರ ಉತ್ತರ: ಬ್ರೇಕ್‌ಮನ್ ಹಾಡಿದ್ದು ಯಾರ ಪದ?

ಪತ್ರ: "ನಮಸ್ಕಾರ. ಹೋದ ತಿಂಗಳು ಅಮೆರಿಕದ ಜಿಮ್ಮಿ ರಾಜರ್ಸ್ ಬಗ್ಗೆ ಎರಡು ಪುಟ ಹಾಕಿದ್ದೀರಿ. ‘ರೈಲು ಓಡಿಸುತ್ತಿದ್ದ ಲಾವಣಿಕಾರ’ ಎಂದು ತಲೆಬರಹ. ಬ್ರೇಕ್‌ಮನ್ ರೈಲು ಓಡಿಸುವುದಿಲ್ಲ. ಹಳಿ ನೋಡಿಕೊಳ್ಳುವ ಗ್ಯಾಂಗ್‌ಗೆ ಸೇರಿ ಕೀಮನ್ ಆಗಿ ರಿಟೈರ್ ಆದವನು ನಾನು, ನನಗೆ ಗೊತ್ತು. ಆರು ವರ್ಷ ಹಾಡಿದವನಿಗೆ ಎರಡು ಪುಟ. ನಮ್ಮ ತಾಲ್ಲೂಕಿನಲ್ಲಿ ಅರವತ್ತು ವರ್ಷ ಪದ ಹೇಳಿದವರಿಗೆ ಎರಡು ಸಾಲೂ ಇಲ್ಲ. ಇನ್ನೊಂದು ಮಾತು. ಲೈನ್ ಮೇಲೆ ಕೆಲಸ ಮಾಡುವ ಕಪ್ಪು ಜನರಿಂದ ಅವನು ಹಾಡು ಕಲಿತ ಎಂದು ನೀವೇ ಬರೆದಿದ್ದೀರಿ. ಕಲಿತದ್ದೋ, ಕದ್ದದ್ದೋ? ನನ್ನ ಹೆಸರು ಹಾಕಬೇಡಿ. — ಅರಸೀಕೆರೆಯ ಓದುಗ"

ಯಜಮಾನರೇ,

ನಿಮ್ಮ ಪತ್ರವನ್ನು ಆಫೀಸಿನಲ್ಲಿ ಮೂರು ಜನ ಓದಿದೆವು. ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತೆವು. ನೀವು ಬೈದಿರುವುದು ಹೆಚ್ಚುಕಮ್ಮಿ ಸರಿಯಾಗೇ ಇದೆ. ಪತ್ರದ ಹಿಂಬದಿಯಲ್ಲಿ ಪೆನ್ಸಿಲ್‌ನಲ್ಲಿ ಬರೆದ ನಾಲ್ಕು ಸಾಲಿನ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮೊದಲು ಬ್ರೇಕ್‌ಮನ್. ಅದು ಲೇಖಕರ ತಪ್ಪಲ್ಲ, ನನ್ನದು. ಅವರು ಬ್ರೇಕ್‌ಮನ್ ಅಂತಲೇ ಬರೆದಿದ್ದರು. ಓದುಗರಿಗೆ ಸುಲಭ ಆಗಲಿ ಅಂತ ನಾನು ತಿದ್ದಿದೆ, ತಿದ್ದಿ ಕೆಡಿಸಿದೆ. ಹಿಂದಿನ ಕಾಲದಲ್ಲಿ ಅಲ್ಲಿ ಬ್ರೇಕ್‌ಮನ್ ಅಂದರೆ ಓಡುವ ಗೂಡ್ಸ್ ಗಾಡಿಯ ನೆತ್ತಿ ಮೇಲೆ ನಡೆದುಕೊಂಡು ಹೋಗಿ, ಒಂದೊಂದು ಡಬ್ಬಿಯ ಚಕ್ರ ತಿರುಗಿಸಿ ಬ್ರೇಕ್ ಬಿಗಿ ಮಾಡುವವನು. ಮಳೆಯಾದರೂ ಅಷ್ಟೇ, ಮಂಜಾದರೂ ಅಷ್ಟೇ. ರಾಜರ್ಸ್ ಕಾಲಕ್ಕೆ ಗಾಳಿ ಬ್ರೇಕ್ ಬಂದಿತ್ತು. ಆದರೂ ಡಬ್ಬಿ ಜೋಡಿಸುವುದು, ಬಿಡಿಸುವುದು, ಗಾಡಿ ನಡುದಾರಿಯಲ್ಲಿ ನಿಂತರೆ ದೀಪ ಹಿಡಿದು ಹಿಂದಕ್ಕೆ ಓಡಿ, ಹಿಂದಿನಿಂದ ಬರುವ ಗಾಡಿಯನ್ನು ತಡೆಯುವುದು ಅವನ ಪಾಲಿಗೇ ಇತ್ತು. ನಮ್ಮಲ್ಲಿ ಇದು ಅರ್ಧ ಗಾರ್ಡ್ ಕೆಲಸ, ಅರ್ಧ ಪಾಯಿಂಟ್ಸ್‌ಮನ್ ಕೆಲಸ ಅಲ್ವಾ? ‘ಲಾವಣಿಕಾರ’ ಅನ್ನುವುದೂ ನಮ್ಮ ಬಾಯಿಗೆ ಕೂರುವ ಮಾತಲ್ಲ. ಲಾವಣಿ ಡಪ್ಪಿನ ಜೊತೆ ಹೋಗುವಂಥದ್ದು. ಹಾಸನದ ಕಡೆ ಪದ ಕಟ್ಟುತ್ತಾರೆ, ಪದ ಹೇಳುತ್ತಾರೆ. ರಾಜರ್ಸ್ ಪದ ಕಟ್ಟಿದ ಅಂತ ಬರೆದಿದ್ದರೆ ಸಾಕಾಗುತ್ತಿತ್ತು.

ಇನ್ನು ಆರು ವರ್ಷದ ಮಾತು. ಆ ಸಂಚಿಕೆ ಓದದವರಿಗೂ ಗೊತ್ತಾಗಲಿ ಅಂತ ಕತೆಯನ್ನು ಇಲ್ಲಿ ಹೇಳುತ್ತೇನೆ.

ರಾಜರ್ಸ್ ಹುಟ್ಟಿದ್ದು 1897ರಲ್ಲಿ, ಮಿಸಿಸಿಪ್ಪಿ ರಾಜ್ಯದ ಮೆರಿಡಿಯನ್ ಕಡೆ. ಅಪ್ಪ ರೈಲ್ವೆ ಗ್ಯಾಂಗಿನ ಮೇಸ್ತ್ರಿ. ತಾಯಿ ಬೇಗ ತೀರಿಕೊಂಡರು. ಹುಡುಗ ಹದಿಮೂರರ ಸುಮಾರಿಗೆ ಔಷಧಿ ಮಾರುವ ಮೇಳದ ಜೊತೆ ಓಡಿಹೋದ. ನಮ್ಮ ಸಂತೆಯಲ್ಲಿ ಹಲ್ಲುಪುಡಿ, ಮುಲಾಮು ಮಾರುವವರು ಹಾಡು ಹೇಳಿ ಜನ ಸೇರಿಸುತ್ತಿದ್ದರಲ್ಲ, ಅಂಥದ್ದು. ಅಪ್ಪ ಹುಡುಕಿ ತಂದು ಗ್ಯಾಂಗಿನವರಿಗೆ ನೀರು ಕೊಡುವ ಕೆಲಸಕ್ಕೆ ಹಚ್ಚಿದರು. ಆಮೇಲೆ ಬ್ರೇಕ್‌ಮನ್ ಆದ. 1924ರಲ್ಲಿ ಟಿಬಿ ಅಂತ ಗೊತ್ತಾಯಿತು. ಆಗ ಅವನಿಗೆ 27 ವರ್ಷ. ಟಿಬಿಗೆ ಮೊದಲ ಮದ್ದು ಸ್ಟ್ರೆಪ್ಟೊಮೈಸಿನ್ ಸಿಕ್ಕಿದ್ದೇ 1943ರಲ್ಲಿ. ಅಲ್ಲಿಯವರೆಗೆ ಎಲ್ಲ ಕಡೆಯೂ ಮುಖ್ಯ ಚಿಕಿತ್ಸೆ ಇದೇ: ಒಳ್ಳೆ ಗಾಳಿ, ಒಳ್ಳೆ ಊಟ, ಮಲಗಿರು. ನಮ್ಮ ಅಜ್ಜಿ ಮೈಸೂರಿನ ಟಿಬಿ ಆಸ್ಪತ್ರೆ ಪಿಕೆ ಸ್ಯಾನಿಟೋರಿಯಂ ಹೆಸರು ಹೇಳುವಾಗ ದನಿ ತಗ್ಗಿಸುತ್ತಿದ್ದರು. ರೈಲ್ವೆಯ ದುಡಿಮೆ ಮೈಗೆ ಆಗದೆ ಹೋದದ್ದರಿಂದ ಅವನು ಹಾಡಿಗೆ ಬಿದ್ದ. ಆಸೆ ಮೊದಲಿಂದ ಇತ್ತು, ಬೇರೆ ದಾರಿ ಇಲ್ಲದ್ದು ಈಗ.

1927ರ ಆಗಸ್ಟ್ 4. ಬ್ರಿಸ್ಟಲ್ ಅನ್ನುವ ಊರು. ಊರಿನ ದೊಡ್ಡ ಬೀದಿಯ ಒಂದು ಮಗ್ಗುಲು ಟೆನ್ನೆಸಿ ರಾಜ್ಯ, ಇನ್ನೊಂದು ಮಗ್ಗುಲು ವರ್ಜೀನಿಯ. ವಿಕ್ಟರ್ ಅನ್ನುವ ರೆಕಾರ್ಡ್ ಕಂಪನಿ ಪರವಾಗಿ ರಾಲ್ಫ್ ಪೀರ್ ಅನ್ನುವವನು ಹ್ಯಾಟ್ ಗೋಡೌನ್ ಒಂದರಲ್ಲಿ ಹಾಡು ದಾಖಲಿಸುವ ಯಂತ್ರ ಇಟ್ಟುಕೊಂಡು ಹಳ್ಳಿ ಹಾಡುಗಾರರನ್ನು ಕರೆದಿದ್ದ. ರಾಜರ್ಸ್ ತನ್ನ ಮೇಳದ ಜೊತೆ ಬಂದ. ಗ್ರಾಮಫೋನ್ ತಟ್ಟೆ ಮೇಲೆ ಯಾರ ಹೆಸರು ಹಾಕಬೇಕು ಅಂತ ಮೇಳದಲ್ಲಿ ಜಗಳ ಹತ್ತಿತು. ಮೇಳ ಒಡೆಯಿತು. ಇವನು ಗಿಟಾರ್ ಹಿಡಿದು ಒಬ್ಬನೇ ಹಾಡಿದ. ಯುದ್ಧದಲ್ಲಿ ಸತ್ತ ಪ್ರಿಯಕರನ ಕತೆ ಒಂದು, ಜೋಗುಳ ಇನ್ನೊಂದು. ಎರಡಕ್ಕೂ ಸೇರಿ 100 ಡಾಲರ್ ಸಿಕ್ಕಿತು ಅನ್ನುತ್ತಾರೆ. ಅದೇ ವರ್ಷ ನವೆಂಬರ್ 30ಕ್ಕೆ ಕ್ಯಾಮ್ಡೆನ್‌ನಲ್ಲಿ ಹಾಡಿದ ತಟ್ಟೆ ಲಕ್ಷಗಟ್ಟಲೆ ಹೋಯಿತು. ಕಪ್ಪು ಜನರ ಬ್ಲೂಸ್ ಧಾಟಿ, ಸಾಲಿನ ಕೊನೆಗೆ ಗಂಟಲು ಒಡೆದ ಹಾಗೆ ಮೇಲಕ್ಕೆ ಹಾರುವ ಯೋಡ್ಲ್ ಕೂಗು. ಕಿಶೋರ್ ಕುಮಾರ್ ಹಾಡುಗಳಲ್ಲಿ ಆ ಕೂಗು ನೀವು ಕೇಳಿರುತ್ತೀರಿ. ಅವರು ಅದನ್ನು ಕಲಿತದ್ದು ರಾಜರ್ಸ್ ಮತ್ತು ಟೆಕ್ಸ್ ಮಾರ್ಟನ್ ತಟ್ಟೆಗಳಿಂದ ಅಂತ ಹೇಳುತ್ತಾರೆ. 1972ರ ನಮ್ಮ ‘ಕುಳ್ಳ ಏಜೆಂಟ್ 000’ ಚಿತ್ರಕ್ಕೆ ಅದೇ ಕಿಶೋರ್ ಬಂದು ಕನ್ನಡದಲ್ಲಿ ಹಾಡಿದ್ದು ನೆನಪಿದೆಯಲ್ಲ. ಮೆರಿಡಿಯನ್‌ನಿಂದ ಅರಸೀಕೆರೆಯ ಟೂರಿಂಗ್ ಟಾಕೀಸಿಗೆ ದಾರಿ ಹೀಗೆ ಬರುತ್ತದೆ.

ದುಡ್ಡು ಬಂತು. ಟೆಕ್ಸಸ್‌ನ ಕೆರ್‌ವಿಲ್‌ನಲ್ಲಿ ದೊಡ್ಡ ಮನೆ ಕಟ್ಟಿಸಿದ, ಅಲ್ಲಿಯ ಗಾಳಿ ಒಳ್ಳೆಯದು ಅಂತ. ಅದನ್ನು ಉಳಿಸಿಕೊಳ್ಳಲೂ ಆಗಲಿಲ್ಲ. 1931ರಲ್ಲಿ ತನ್ನ ಟಿಬಿ ಮೇಲೆಯೇ ಒಂದು ಪದ ಹಾಡಿದ. 1933ರ ಮೇ ತಿಂಗಳಲ್ಲಿ ನ್ಯೂಯಾರ್ಕ್‌ಗೆ ಕೊನೇ ಸಲ ಹೋದಾಗ ನಿಂತು ಹಾಡುವ ಶಕ್ತಿ ಇರಲಿಲ್ಲ. ಸ್ಟುಡಿಯೋದಲ್ಲೇ ಒಂದು ಮಂಚ ಹಾಕಿದರು. ಒಂದು ಹಾಡು, ಮಲಗು. ಎದ್ದು ಇನ್ನೊಂದು ಹಾಡು, ಮಲಗು. ಮೇ 24ಕ್ಕೆ ಕೊನೆಯದು ಮುಗಿಯಿತು. 26ಕ್ಕೆ ಹೋಟೆಲ್ ರೂಮಿನಲ್ಲಿ ರಕ್ತ ಕಾರಿ ಸತ್ತ. 35 ವರ್ಷ. ಹೆಣ ಊರಿಗೆ ಬಂದದ್ದು ರೈಲಿನಲ್ಲೇ.

ಆರು ವರ್ಷಕ್ಕೆ ಎರಡು ಪುಟ ಯಾಕೆ ಅಂದಿರಿ. ಆ ಆರು ವರ್ಷದಲ್ಲಿ ನೂರಕ್ಕೂ ಜಾಸ್ತಿ ಹಾಡು ತಟ್ಟೆಯಾಗಿವೆ. ಒಂದೊಂದಕ್ಕೂ ತಾರೀಖು ಇದೆ, ಊರಿದೆ, ಲೇಬಲ್ ಇದೆ. ಬರೆಯುವವನಿಗೆ ಎಷ್ಟು ಸಲೀಸು ನೋಡಿ. ನಮ್ಮವರ ಅರವತ್ತು ವರ್ಷಕ್ಕೆ ಯಾವ ತಾರೀಖು ಹಾಕಲಿ? ಸುಗ್ಗಿ ಆದ ಮೇಲೆ ಹೆಳವ ಎತ್ತಿನ ಜೊತೆ ಬಂದು ಜಗಲಿ ಮುಂದೆ ನಿಂತು ನಮ್ಮ ಮುತ್ತಜ್ಜನ ಅಪ್ಪನ ಹೆಸರಿನಿಂದ ಶುರು ಮಾಡುತ್ತಾನೆ. ಯಾವ ಊರಿಂದ ಬಂದೆವು, ಯಾರಿಗೆ ಯಾರನ್ನು ಕೊಟ್ಟರು, ಯಾರು ದತ್ತು ಹೋದರು, ಒಂದೂ ಬಿಡುವುದಿಲ್ಲ. ಮೊರದ ತುಂಬ ರಾಗಿ ಹಾಕಿ ಕಳಿಸುತ್ತೇವೆ. ನಾವು ಅವನನ್ನು ಕರೆಯುವುದು ಹೆಳವಪ್ಪ ಅಂತ. ಅವನ ಹೆಸರು ಏನು ಅಂತ ಕೇಳಿದ್ದು ನನಗಂತೂ ನೆನಪಿಲ್ಲ. ಚೌಡಿಕೆಯವರು, ತಂಬೂರಿಯವರು, ಗೊರವಪ್ಪಗಳು, ಎಲ್ಲರದೂ ಇದೇ ಕತೆ. ಇನ್ನೊಂದು ತೊಡಕೂ ಇದೆ. ಆ ಕಾಲದ ತಟ್ಟೆಯ ಒಂದು ಬದಿಗೆ ಹಿಡಿಯುತ್ತಿದ್ದದ್ದು ಮೂರು ನಿಮಿಷ ಚಿಲ್ಲರೆ. ರಾಜರ್ಸ್ ಕತೆಯನ್ನು ಅಷ್ಟಕ್ಕೆ ಕತ್ತರಿಸಿದ. ನಮ್ಮವರು ದೀಪ ಹಚ್ಚಿ ಕೂತರೆ ಕೋಳಿ ಕೂಗುವವರೆಗೂ ಏಳುವುದಿಲ್ಲ.

ಈಗ ಕಲಿತದ್ದೋ ಕದ್ದದ್ದೋ ಅನ್ನುವ ಪ್ರಶ್ನೆ. ನನ್ನ ನಿದ್ದೆ ಕೆಡಿಸಿದ್ದು ಇದೇ.

ನಿಮಗೆ ಲೈನ್ ಎಳೆಯುವುದು, ಅಂದರೆ ಸರಿದ ಹಳಿಯನ್ನು ಮತ್ತೆ ನೇರಕ್ಕೆ ತರುವುದು, ಗೊತ್ತು. ಎಂಟು ಹತ್ತು ಜನ ಹಾರೆ ಕೊಟ್ಟು ನಿಂತು, ಒಬ್ಬ ಕೂಗಿದ ತಕ್ಷಣ ಎಲ್ಲರೂ ಒಟ್ಟಿಗೆ ಮೀಟಬೇಕು. ಕೂಗು ತಪ್ಪಿದರೆ ಹಳಿ ಅಲ್ಲಾಡುವುದಿಲ್ಲ, ಸೊಂಟ ಹಿಡಿಯುತ್ತದೆ. ಮಿಸಿಸಿಪ್ಪಿಯಲ್ಲೂ ಹಾಗೇ. ಕಪ್ಪು ಜನರ ಗ್ಯಾಂಗಿನಲ್ಲಿ ಒಬ್ಬ ಪದ ಎತ್ತುತ್ತಿದ್ದ, ಉಳಿದವರು ಆ ತಾಳಕ್ಕೆ ಮೀಟುತ್ತಿದ್ದರು. ನೀರಿನ ಬಕೆಟ್ ಹಿಡಿದ ಬಿಳಿ ಹುಡುಗ ಪಕ್ಕದಲ್ಲಿ ನಿಂತು ಕೇಳಿದ. ಕೇಳಿದ್ದು ತಪ್ಪಲ್ಲ. ಪದ ಇರುವುದೇ ಕಿವಿಯಿಂದ ಕಿವಿಗೆ ದಾಟುವುದಕ್ಕೆ.

ತೊಡಕು ಶುರುವಾದದ್ದು ಲೇಬಲ್‌ನಲ್ಲಿ. ಪೀರ್ ಜಾಣ. ಸಂಬಳದ ಬದಲು ಹಾಡುಗಳ ಹಕ್ಕು ಇಟ್ಟುಕೊಂಡಿದ್ದ. ಎಲ್ಲರೂ ಹಾಡುವ ಹಳೇ ಪದಕ್ಕೆ ಹಕ್ಕಿನ ದುಡ್ಡು ಹುಟ್ಟುವುದಿಲ್ಲ, ಹಾಡು ‘ಹೊಸದು’ ಆಗಿರಬೇಕು. ಹಾಗಾಗಿ ಹಳೇ ಸಾಲುಗಳು ಹೊಸ ಅಂಗಿ ತೊಟ್ಟುಕೊಂಡವು. ಕಂಪನಿಗಳು ಕಪ್ಪು ಜನರ ತಟ್ಟೆಗೆ ಒಂದು ಪಟ್ಟಿ, ಬಿಳಿ ಹಳ್ಳಿಗರ ತಟ್ಟೆಗೆ ಇನ್ನೊಂದು ಪಟ್ಟಿ ಇಟ್ಟಿದ್ದವು. ಪದ ಈ ಪಟ್ಟಿಯಿಂದ ಆ ಪಟ್ಟಿಗೆ ದಾಟಿತು, ಪದ ಎತ್ತಿದವನ ಹೆಸರು ದಾಟಲಿಲ್ಲ. 1930ರ ಜುಲೈ 16ರಂದು ಹಾಲಿವುಡ್‌ನಲ್ಲಿ ರಾಜರ್ಸ್ ಹಾಡಿಗೆ ಟ್ರಂಪೆಟ್ ಊದಿದ್ದು ಕಪ್ಪು ಜನರ ಜಾಜ್ ಸಂಗೀತದ ದೊಡ್ಡ ಹೆಸರು, ಲೂಯಿ ಆರ್ಮ್‌ಸ್ಟ್ರಾಂಗ್. ಪಿಯಾನೋ ನುಡಿಸಿದ್ದು ಅವನ ಹೆಂಡತಿ ಲಿಲ್. ಲೇಬಲ್ ಮೇಲೆ ಆರ್ಮ್‌ಸ್ಟ್ರಾಂಗ್ ಹೆಸರಿಲ್ಲ. ರಾಜರ್ಸ್ ಹೆಂಡತಿಯ ಅಕ್ಕ ಎಲ್ಸಿ ಮೆಕ್‌ವಿಲಿಯಮ್ಸ್ ಅವನಿಗೆ ಎಷ್ಟೋ ಹಾಡು ಬರೆದುಕೊಟ್ಟಳು. ಆಕೆಯದೂ ಎಲ್ಲದರ ಮೇಲಿಲ್ಲ. ಆಕೆಗೇ ಬೇಡವಾಗಿತ್ತು ಅನ್ನುತ್ತಾರೆ. ಆರ್ಮ್‌ಸ್ಟ್ರಾಂಗ್‌ಗೇ ಹೀಗಾದರೆ ಹಾರೆ ಹಿಡಿದವನನ್ನು ಯಾರು ಕೇಳುತ್ತಾರೆ?

ಕದ್ದ ಅನ್ನಲು ನನಗೆ ಬಾಯಿ ಬರುವುದಿಲ್ಲ. ಯಾಕೆ ಅಂದರೆ ನಾನೂ ಅದೇ ಮಾಡಿದ್ದೇನೆ.

ಸುಮಾರು ಹದಿನೈದು ವರ್ಷದ ಹಿಂದೆ ನಿಮ್ಮ ತಾಲ್ಲೂಕಿನದೇ ಒಂದು ಹಳ್ಳಿಗೆ ಹೋಗಿದ್ದೆವು. ಒಬ್ಬ ಅಜ್ಜಿ ಬೀಸೋ ಪದ ಹೇಳಿದರು. ಬರೀ ಹೇಳೆಂದರೆ ಪದ ಬರಲ್ಲ ಅಂತ ಮೂಲೆಯಲ್ಲಿದ್ದ ಬೀಸೋಕಲ್ಲು ಎಳೆಸಿ, ಎರಡು ಹಿಡಿ ರಾಗಿ ಹಾಕಿಸಿಕೊಂಡು, ಬೀಸುತ್ತಾ ಹೇಳಿದರು. ಎರಡು ಗಂಟೆ ಹೇಳಿದರು. ಹೊರಡುವಾಗ ಆ ಹಿಟ್ಟಿನಲ್ಲೇ ಮುದ್ದೆ ಮಾಡಿ ಉಣ್ಣಿಸಿದರು. ನಾವು ಅಂದವಾಗಿ ನಾಲ್ಕು ಪುಟ ಅಚ್ಚು ಹಾಕಿದೆವು. ಕೆಳಗೆ ‘ಸಂಗ್ರಹ’ ಅಂತ ನಮ್ಮ ಹೆಸರು. ಎರಡು ತಿಂಗಳ ಮೇಲೆ ಮೊಮ್ಮಗ ಪತ್ರಿಕೆ ಹಿಡಿದು ಹಾಸನಕ್ಕೆ ಬಂದ. "ಅಜ್ಜಿ ಹೆಸ್ರು ಎಲ್ಲೈತೆ ಸಾರ್?" ಅಂದ. ನಾನು ಹುಡುಕುವ ಹಾಗೆ ನಾಲ್ಕು ಪುಟ ತಿರುವಿದೆ. ಇಲ್ಲ ಅಂತ ಗೊತ್ತಿದ್ದೂ ತಿರುವಿದೆ. ಅವನು ಸಿಟ್ಟಾಗಲಿಲ್ಲ. "ಅಜ್ಜಿಗೆ ಓದಕ್ಕೆ ಬರಲ್ಲ. ನನ್ ಹೆಸ್ರು ತೋರ್ಸು ಅಂತು. ನಿಮ್ ಹೆಸ್ರು ಮೇಲೆ ಬೆಳ್ಳಿಟ್ಟು ಇದೇಯ ಅಂದ್ಬುಟ್ಟೆ" ಅಂದ. ಅಜ್ಜಿ ಆ ಸಾಲಿನ ಮೇಲೆ ಕೈ ಆಡಿಸಿ ಪತ್ರಿಕೆಯನ್ನು ಟ್ರಂಕಿನಲ್ಲಿ ಇಟ್ಟುಕೊಂಡರಂತೆ.

ಕ್ಯಾಸೆಟ್ ಕಾಲದಲ್ಲೂ ಇದೇ ನಡೆಯಿತು. ಲೇಬಲ್ ತೆಗೆದು ನೋಡಿ: ಗಾಯಕರ ಹೆಸರು, ಸಂಗೀತ ನಿರ್ದೇಶಕರ ಹೆಸರು, ‘ಸಾಹಿತ್ಯ: ಜಾನಪದ’. ಜಾನಪದ ಅನ್ನುವವರು ಯಾವ ಊರಿನವರು, ಅವರಿಗೆ ಎಷ್ಟು ಸಂದಾಯ ಆಯಿತು? ನಮ್ಮ ಜಿಲ್ಲೆಯ ಸಕಲೇಶಪುರದ ಎಸ್.ಕೆ. ಕರೀಂಖಾನ್ ಅವರು ಊರೂರು ಸುತ್ತಿ ಪದ ಕೂಡಿಸಿದರು. ಜಾನಪದ ಜಂಗಮ ಅಂತಲೇ ಜನ ಕರೆದರು. ಅವರ ಹೆಸರು ಉಳಿಯಿತು, ಉಳಿಯಲೇಬೇಕಾದ ಹೆಸರು. ಅವರ ಮುಂದೆ ಕೂತು ಪದ ಹೇಳಿದವರು ಎಷ್ಟು ಜನರೋ.

ಒಂದು ವಿಚಿತ್ರ ಹೇಳುತ್ತೇನೆ. 1950ರಲ್ಲಿ ಹ್ಯೂ ಟ್ರೇಸಿ ಎಂಬಾತ ಕೀನ್ಯಾದ ಕಿಪ್ಸಿಗಿಸ್ ಜನರ ಹಾಡು ದಾಖಲಿಸಲು ಹೋದ. ನಮ್ಮ ಕಾಫಿ ಸೀಮೆಯ ಹಾಗೆ ಅದು ಟೀ ಸೀಮೆ. ಅಲ್ಲಿಯ ಹುಡುಗಿಯರು ‘ಚೆಮಿರೋಚ’ ಅನ್ನುವವನ ಮೇಲೆ ಪದ ಹಾಡಿದರು. ಅರ್ಧ ಮನುಷ್ಯ, ಅರ್ಧ ಜಿಂಕೆಯಂಥ ಪ್ರಾಣಿ. ಬಾ, ನಮ್ಮ ಜೊತೆ ಕುಣಿ ಅಂತ ಕರೆಯುತ್ತಾರೆ. ಜಿಮ್ಮಿ ರಾಜರ್ಸ್ ಅನ್ನುವುದು ಅವರ ಬಾಯಲ್ಲಿ ಚೆಮಿರೋಚ ಆಗಿತ್ತು. ಗ್ರಾಮಫೋನ್ ತಟ್ಟೆಗಳು ಅಷ್ಟು ದೂರ ಹೋಗಿದ್ದವು. ಅಲ್ಲಿ ಹಾಡಿದವನ ಹಾಡು ಉಳಿಯಲಿಲ್ಲ, ಹೆಸರು ಮಾತ್ರ ಕಾಲು ಮೂಡಿ ಓಡಾಡುತ್ತಿದೆ. ನಮ್ಮ ಅಜ್ಜಿಯ ಪದ ಈಗ ಯಾವುದೋ ಮದುವೆ ವಿಡಿಯೋದಲ್ಲಿ ಕೇಳಿಸುತ್ತದೆ, ನಾನೇ ಕೇಳಿದ್ದೇನೆ. ಅಜ್ಜಿಯ ಹೆಸರು ಎಲ್ಲೂ ಇಲ್ಲ. ಇಲ್ಲೂ ನಾನು ಬರೆಯುತ್ತಿಲ್ಲ. ಅಜ್ಜಿ ಈಗಿಲ್ಲ. ಈ ಸಲ ಮನೆಯವರನ್ನು ಕೇಳಿಯೇ ಹಾಕಬೇಕು ಅಂತ ಮೊಮ್ಮಗನಿಗೆ ಹೇಳಿ ಕಳಿಸಿದ್ದೇನೆ. ಅವರು ಹೂಂ ಅಂದರೆ ಮುಂದಿನ ತಿಂಗಳು ಆ ನಾಲ್ಕು ಪುಟ ಮತ್ತೆ ಬರುತ್ತದೆ, ಹೆಸರು ಮೇಲ್ಗಡೆ, ದಪ್ಪ ಅಕ್ಷರದಲ್ಲಿ. ನಿಮ್ಮ ಎರಡು ಸಾಲಿನ ದೂರಿಗೆ ಅದು ಮೊದಲ ಕಂತು ಅಂದುಕೊಳ್ಳಿ.

ಇನ್ನು ನಿಮ್ಮ ಪೆನ್ಸಿಲ್ ಸಾಲುಗಳು. ಸ್ಲೀಪರ್ ಬದಲಾಯಿಸುವಾಗ ನಿಮ್ಮ ಗ್ಯಾಂಗಿನಲ್ಲಿ ಕೂಗುತ್ತಿದ್ದ ‘ಐಸಾ’ ಪದ ಅಂತ ಬರೆದಿದ್ದೀರಿ. ಮೂರನೇ ಸಾಲಿನಲ್ಲಿ ಪಿಡಬ್ಲ್ಯುಐ, ಅಂದರೆ ಹಳಿ ಇನ್‌ಸ್ಪೆಕ್ಟರ್ ಸಾಹೇಬರ ಮೀಸೆ ಬಗ್ಗೆ ಇರುವ ಮಾತಿಗೆ ನಮ್ಮ ಡಿಟಿಪಿ ಹುಡುಗಿ ನಕ್ಕು ನಕ್ಕು ಟೀ ಚೆಲ್ಲಿಕೊಂಡಳು. ಅಚ್ಚು ಹಾಕಲು ಕೈ ತುರಿಸುತ್ತಿದೆ. ನಿಮ್ಮ ಹೆಸರು ಬೇಡ ಅಂದಿದ್ದೀರಿ, ಆಗಲಿ, ಬೇಡ. ಆದರೆ ಆ ಪದ ಎತ್ತುತ್ತಿದ್ದವರು ಯಾರು? ಗ್ಯಾಂಗಿನ ಮೇಟ್ ಇದ್ದರೋ, ಬೇರೆ ಯಾರಾದರೂ ಇದ್ದರೋ? ಹೆಸರು, ಊರು ನೆನಪು ಮಾಡಿಕೊಂಡು ಒಂದು ಕಾರ್ಡು ಹಾಕಿ. ಅವರ ಮನೆಯವರು ಎಲ್ಲಿದ್ದಾರೆ ಗೊತ್ತಿದ್ದರೆ ಅದನ್ನೂ ಬರೆಯಿರಿ, ನಾನೇ ಹೋಗಿ ಕೇಳಿ ಬರುತ್ತೇನೆ. ಅಲ್ಲಿಯವರೆಗೆ ಈ ಸಾಲುಗಳು ನನ್ನ ಮೇಜಿನ ಗಾಜಿನ ಕೆಳಗೆ ಇರುತ್ತವೆ.